ಲುಂಬಿನಿ ಕಡಿಸಿದ ದಾರ

ಚಿತ್ತಾಪುರದ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಲುಂಬಿನಿಗೆ ಊಟದ ಡಬ್ಬಿ ತೆರೆದಿಟ್ಟು ಮರೆತುಬಿಡುವ ಅಭ್ಯಾಸವಿದೆ. ರೊಟ್ಟಿ ಒಣಗುತ್ತದೆ, ಪುಂಡಿಪಲ್ಯ ಆರಿಹೋಗುತ್ತದೆ, ಅವಳು ಮಾತ್ರ ಯಾವುದೋ ಹುಡುಗಿಗೆ ಹಲಗೆಯ ಮೇಲೆ ಲೆಕ್ಕ ತಿದ್ದುತ್ತ ನಿಂತಿರುತ್ತಾಳೆ. ನಾನು ಅದೇ ಕಾಲೇಜಿನಲ್ಲಿ ಕನ್ನಡ ಹೇಳುವವಳು. ಆ ಡಬ್ಬಿಯ ಮುಚ್ಚಳ ಹಾಕುತ್ತ, ಅವಳು ಬಂದು ಕೂತಾಗ ಹರಟುತ್ತ ನಮ್ಮ ಸ್ನೇಹ ಬೆಳೆಯಿತು. ಮುಂದೆ ಬರೆದದ್ದರಲ್ಲಿ ಕೆಲವನ್ನು ನಾನೇ ಕಂಡಿದ್ದೇನೆ. ಉಳಿದದ್ದು ಅವಳು ಹೇಳಿದ್ದು, ಅವಳ ಅತ್ತೆ ಅನಸುಬಾಯಿ ಹೇಳಿದ್ದು.

ಲುಂಬಿನಿ ಶಹಾಬಾದಿನವಳು. ಅವಳ ತಂದೆ ಲಾಲಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದಲ್ಲಿದ್ದವರು. ಮಗಳು ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದಾಗ ಅವಳ ಪ್ರಾಧ್ಯಾಪಕಿ ಹಸೀನಾಬೇಗಂ ಕರೆದು, ತಮ್ಮ ಬಳಿ ಒಂದು ಹಳೆಯ ಸಮಸ್ಯೆಯಿದೆ, ಕೂತು ನೋಡುತ್ತೀಯಾ ಎಂದು ಕೇಳಿದರಂತೆ. ಆ ಸಮಸ್ಯೆಯೇ ಲುಂಬಿನಿಯ ಜೀವನವಾಯಿತು.

ಅದನ್ನು ನನ್ನಂಥವಳಿಗೂ ತಿಳಿಯುವ ಹಾಗೆ ಅವಳು ಹೇಳಿದ್ದಾಳೆ. ದೂರದ ಗ್ರಹಕ್ಕೆ ಹೋದ ನೌಕೆ ಅಲ್ಲಿ ಮುಟ್ಟುವ ಹೊತ್ತಿಗೆ ಭಯಂಕರ ವೇಗದಲ್ಲಿರುತ್ತದೆ. ವೇಗ ತಗ್ಗದಿದ್ದರೆ ಗ್ರಹದ ಪಕ್ಕದಿಂದ ಹಾಯ್ದು ಹೋಗಿಬಿಡುತ್ತದೆ, ಅದರ ಸುತ್ತ ತಿರುಗಲು ನಿಲ್ಲುವುದಿಲ್ಲ. ತಗ್ಗಿಸಲು ಇಂಧನ ಉರಿಸಬೇಕು. ಆ ಇಂಧನವನ್ನೆಲ್ಲ ಇಲ್ಲಿಂದಲೇ ಹೊತ್ತೊಯ್ಯಬೇಕು. ಇನ್ನೊಂದು ದಾರಿಯೆಂದರೆ ಆ ಗ್ರಹದ ಮೇಲಿರುವ ತೆಳುಗಾಳಿಗೆ ಮೈಯೊಡ್ಡಿ ನಿಧಾನವಾಗುವುದು. ಆದರೆ ಗಾಳಿಗಿಳಿದರೆ ನೌಕೆಯ ಮೈ ಕಾಯುತ್ತದೆ, ನಾಜೂಕಾದ ಯಂತ್ರಗಳು ಕೆಡುತ್ತವೆ. ಆದ್ದರಿಂದ ನೌಕೆ ಮೇಲೆಯೇ ಇರಲಿ, ಅದರಿಂದ ಕಿಲೋಮೀಟರುಗಟ್ಟಲೆ ಉದ್ದದ ತೆಳ್ಳನೆಯ ದಾರ ಇಳಿಬಿಡೋಣ, ತುದಿಗೆ ತೂಕ ಕಟ್ಟೋಣ. ಗಾಳಿ ದಾರವನ್ನೂ ತೂಕವನ್ನೂ ಹಿಂದಕ್ಕೆ ತಳ್ಳುತ್ತದೆ, ದಾರ ನೌಕೆಯನ್ನು ಹಿಂದಕ್ಕೆ ಜಗ್ಗುತ್ತದೆ. ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪವೇ ವೇಗ ಇಳಿಯುತ್ತದೆ. ಸಾಕೆನಿಸಿದಾಗ ದಾರ ಕಡಿದುಬಿಡಬೇಕು.

ಕಾಗದದ ಮೇಲೆ ಇದು ಚೆಂದವಾಗಿತ್ತು. ಗಾಳಿಯ ಹೊಡೆತಕ್ಕೆ ಆ ದಾರ ಹೇಗೆ ತೂಗುತ್ತದೆ, ಎಷ್ಟು ತೂಗಿದರೆ ಅಪಾಯ ಎಂಬುದೇ ಲುಂಬಿನಿಯ ಪಿಎಚ್.ಡಿ. ಅಷ್ಟರಲ್ಲಿ ಹಲವು ಕಾಲೇಜುಗಳು ಸೇರಿ ಕಟ್ಟುವ ಒಂದು ಸಣ್ಣ ಉಪಗ್ರಹದಲ್ಲಿ ಹಸೀನಾಬೇಗಂ ಅವರಿಗೆ ಜಾಗ ಸಿಕ್ಕಿತು. ಭೂಮಿಯ ಸುತ್ತಲೇ ಈ ಉಪಾಯವನ್ನು ಸಣ್ಣದಾಗಿ ಮಾಡಿ ನೋಡುವುದೆಂದಾಯಿತು. ದಾರ ಸುತ್ತುವ ರೀಲು ಬೇಕು. ದಾರ ಒಮ್ಮೆಲೇ ಬಿಚ್ಚಿ ಜಗ್ಗಿ ಹರಿಯದ ಹಾಗೆ ಅದಕ್ಕೊಂದು ಬ್ರೇಕು ಬೇಕು. ಅದನ್ನು ಮಾಡಬಲ್ಲ ಒಬ್ಬನಿದ್ದಾನೆ ಎಂದು ಯಾರೋ ಸೇಡಂ ಕಡೆಗೆ ಕೈ ತೋರಿಸಿದರು.

ದೇವಿಂದ್ರ ಸೇಡಂನಲ್ಲಿ ಒಂದು ಖಾಸಗಿ ಐಟಿಐಯಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದ. ಊರು ವಾಡಿ. ಎತ್ತರದ, ಸಾವಕಾಶ ಮಾತಿನ ಮನುಷ್ಯ. ಲುಂಬಿನಿ ಮೊದಲ ಸಲ ಹೋಗಿ ಗಡಬಡಿಸಿ ಎಲ್ಲವನ್ನೂ ಹೇಳಿ ಮುಗಿಸಿದಾಗ ಅವನು ಚಹಾ ಕುಡಿಯುತ್ತೀರಾ ಎಂದಷ್ಟೇ ಕೇಳಿದನಂತೆ. ಇವನಿಗೇನೂ ತಿಳಿದಿಲ್ಲ ಎಂದುಕೊಂಡು ಇವಳು ಎದ್ದು ಬಂದಳು. ಮುಂದಿನ ವಾರ ಅವನು ಮಾಡಿ ತೋರಿಸಿದ ಮೊದಲ ರೀಲು ಕೆಲಸ ಮಾಡಲಿಲ್ಲ. ಎರಡನೆಯದೂ ಮಾಡಲಿಲ್ಲ. ಶಹಾಬಾದಿನ ಹೊರಗೆ ಕೆಲಸ ನಿಂತ ಒಂದು ಕಲ್ಲುಗಣಿಯ ಅಂಚಿನಲ್ಲಿ ಕೂತು ತಳಕ್ಕೆ ದಾರ ಇಳಿಸಿದಾಗ ಅದು ಗಂಟುಗಂಟಾಗಿ ಗಣಿಯ ನೀರಿನ ಮೇಲೆ ತೇಲಿತು. ಅಲ್ಲೇ ಇಬ್ಬರಿಗೂ ಜೋರು ಜಗಳವಾಯಿತು. ಲೆಕ್ಕ ತಪ್ಪಿದೆಯೆಂದು ಅವನು, ಕೈ ತಪ್ಪಿದೆಯೆಂದು ಅವಳು. ಎರಡೂ ತಪ್ಪಿದ್ದವು ಎಂದು ಆಮೇಲೆ ಗೊತ್ತಾಯಿತು.

ಆ ಜಗಳ ಮುಗಿಯದೆಯೇ ಅವರ ಲಗ್ನವಾಯಿತು ಎಂದು ಲುಂಬಿನಿ ನಗುತ್ತಾಳೆ. ವಾಡಿಯ ಬುದ್ಧವಿಹಾರದಲ್ಲಿ ಸರಳವಾಗಿ ಆಯಿತು. ಬೌದ್ಧ ಪದ್ಧತಿಯಂತೆ ಅನಸುಬಾಯಿ ಸೊಸೆಗೆ ಬಿಳಿ ಸೀರೆ ಕೊಟ್ಟಳು. ದೇವಿಂದ್ರನ ತಂದೆ ರೈಲ್ವೆಯಲ್ಲಿದ್ದವರು, ಎಂದೋ ತೀರಿಕೊಂಡಿದ್ದರು. ತಾಯಿ ಮಗ ಇಬ್ಬರೇ ಇದ್ದ ಮನೆಗೆ ಲುಂಬಿನಿ ಬಂದಳು. ನಮ್ಮ ಕಾಲೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕ ಮೇಲೆ ಅವಳೂ ದೇವಿಂದ್ರನೂ ಚಿತ್ತಾಪುರದಲ್ಲಿ ಮನೆ ಹಿಡಿದರು. ಅವನು ಸೇಡಂಗೆ ರೈಲಿನಲ್ಲಿ ಹೋಗಿಬರುತ್ತಿದ್ದ.

ದಾರವನ್ನು ಪೂರ್ತಿ ಬಿಚ್ಚಿ ನೋಡಲು ಉದ್ದನೆಯ ನೇರ ಜಾಗ ಬೇಕಿತ್ತು. ಅದಕ್ಕಾಗಿ ರಜೆಯ ದಿನ ಚಿಂಚೋಳಿಯಾಚೆ ಚಿಮ್ಮನಚೋಡದ ಕಡೆ ಹೋಗುತ್ತಿದ್ದರು. ದೇವಿಂದ್ರ ಬೇಲಿಯ ಪಕ್ಕದಲ್ಲಿ ರೀಲು ಹಿಡಿದು ಕೂರುವುದು, ಲುಂಬಿನಿ ದಾರದ ತುದಿಯನ್ನು ಸ್ಕೂಟಿಗೆ ಕಟ್ಟಿಕೊಂಡು ತೊಗರಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಹೋಗುವುದು. ವಿಠೋಬಾ ಎಂಬ ರೈತರೊಬ್ಬರು ಇದನ್ನು ನೋಡಿ ನೋಡಿ, ಕರೆಂಟಿನ ಕಂಬ ಹಾಕಲು ಬಂದವರೆಂದೇ ತಿಳಿದು, ತಮ್ಮ ಹೊಲದಲ್ಲಿ ಕಂಬ ಬೇಡವೆಂದು ತಡೆದರು. ಇದು ಆಕಾಶದಲ್ಲಿ ಹೋಗುವ ದಾರ ಎಂದು ಲುಂಬಿನಿ ಹೇಳಿದಾಗ ಅವರು ನಂಬಲಿಲ್ಲ. ದೇವಿಂದ್ರ, "ನಿಮ್ಮ ಹೊಲದಾಗ ಏನೂ ಹುಗಿಯಂಗಿಲ್ರಿ ಕಾಕಾ, ಹಗ್ಗ ಉದ್ದ ಅದ, ಅಳೀಲಿಕತ್ತೀವಿ" ಎಂದ ಮೇಲೆ ಸಮಾಧಾನವಾಗಿ ನೀರು ಕೊಟ್ಟರು. ಆ ವರ್ಷಗಳು ಅವರಿಬ್ಬರ ಒಳ್ಳೆಯ ವರ್ಷಗಳು. ಬೆರಳುಗಳಲ್ಲಿ ದಾರ ಕೊಯ್ದ ಗೆರೆಗಳನ್ನಿಟ್ಟುಕೊಂಡೇ ಲುಂಬಿನಿ ಸೋಮವಾರ ಪಾಠಕ್ಕೆ ಬರುತ್ತಿದ್ದಳು.

ರೀಲು ಕೊನೆಗೂ ತಯಾರಾಯಿತು. ಒಂದು ಅಡುಗೆ ಡಬ್ಬಿಯಷ್ಟು ಗಾತ್ರ. ಉಪಗ್ರಹ ಕಟ್ಟುವ ಸಂಸ್ಥೆಯವರು ಪರೀಕ್ಷೆ ಮಾಡಿ, ಒಪ್ಪಿ, ಒಳಗೆ ಜೋಡಿಸಿ ಮುಚ್ಚಿದರು. ಅದರ ಮರುತಿಂಗಳು ಕೊರೊನಾದ ಎರಡನೇ ಅಲೆ ಬಂತು.

ಮೊದಲು ಲುಂಬಿನಿಗೆ ಜ್ವರ, ಆಮೇಲೆ ದೇವಿಂದ್ರನಿಗೆ. ಅವಳದು ಇಳಿಯಿತು, ಅವನದು ಎದೆಗೆ ಹೋಯಿತು. ಕಲಬುರಗಿಯಲ್ಲಿ ಹಾಸಿಗೆ ಸಿಕ್ಕಿತು, ಆಕ್ಸಿಜನ್ ಕೂಡ ಸಿಕ್ಕಿತು. ಅವರಿವರು ಅಲೆದದ್ದನ್ನು ಕೇಳಿದರೆ ಇವರ ಅದೃಷ್ಟ ದೊಡ್ಡದು ಎನ್ನಬೇಕು. ಲುಂಬಿನಿ ಚಿತ್ತಾಪುರದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಕೊನೆಯ ಸಲ ಮಾತಾಡಿದಾಗ ಅವನು ಕೇಳಿದ್ದು ಇಷ್ಟೇ: "ಅವ್ವ ಬಿ.ಪಿ. ಗುಳಿಗಿ ತಗೊಳ್ಳಿಕತ್ತಾಳೇನು? ಕೇಳು ಜರಾ." ಕೇಳುತ್ತೇನೆ ಎಂದಳು. ಉಸಿರು ಸಾಲದೆ ಅವನು ಫೋನ್ ಇಟ್ಟ. ಅವಳು ವಾಡಿಗೆ ಫೋನ್ ಮಾಡಿ ಗುಳಿಗೆಯ ಬಗ್ಗೆ ಕೇಳಿಯೂ ಕೇಳಿದಳು. ಆ ಉತ್ತರ ಅವನಿಗೆ ಮುಟ್ಟಲಿಲ್ಲ.

ಮಣ್ಣು ಮಾಡಿದವರು ಯಾರೋ. ಮುಖ ಮುಚ್ಚಿಕೊಂಡ ನಾಲ್ಕಾರು ಜನ ಕಲಬುರಗಿಯ ಹೊರಗೆ ಒಯ್ದು ಮಣ್ಣು ಕೊಟ್ಟರು. ಹೆಂಡತಿ ನೋಡಲಿಲ್ಲ, ತಾಯಿ ನೋಡಲಿಲ್ಲ. ಅನಸುಬಾಯಿ ವಾಡಿಯ ಮನೆಯ ಬಾಗಿಲಲ್ಲಿ, ಹಿಂದೆ ಮಗ ಸೇಡಂನಿಂದ ಬರುತ್ತಿದ್ದ ರೈಲಿನ ಹೊತ್ತಿಗೆ, ಬಹಳ ದಿನ ನಿಂತುಕೊಳ್ಳುತ್ತಿದ್ದಳಂತೆ. ಲಾಕ್‌ಡೌನ್ ಸಡಿಲವಾದ ದಿನವೇ ಲುಂಬಿನಿ ಹೋಗಿ ಅತ್ತೆಯನ್ನು ಚಿತ್ತಾಪುರಕ್ಕೆ ಕರೆತಂದಳು.

ಇಬ್ಬರು ಹೆಂಗಸರು ಒಂದು ಮನೆಯಲ್ಲಿ, ಅವನ ಹೆಸರು ಎತ್ತದೆ ಬದುಕತೊಡಗಿದರು. ನಾನು ಹೋದಾಗಲೆಲ್ಲ ಅನಸುಬಾಯಿ ತೊಗರಿ ಹಸನು ಮಾಡುತ್ತಲೋ ಬಟ್ಟೆ ಮಡಚುತ್ತಲೋ ಇರುತ್ತಿದ್ದಳು. ಹವೆ, ಮಳೆ, ಕಾಯಿಪಲ್ಯದ ಮಾತು. ಲುಂಬಿನಿ ಅತ್ತದ್ದನ್ನು ನಾನು ನೋಡಲಿಲ್ಲ. ಅವಳು ಕಾಲೇಜಿಗೆ ಮೊದಲಿನಂತೆಯೇ ಬಂದಳು, ಆದರೆ ಡಬ್ಬಿ ಮರೆಯುವುದನ್ನು ನಿಲ್ಲಿಸಿದಳು. ಗಂಟೆ ಹೊಡೆದ ಕೂಡಲೇ ಕೂತು, ಔಷಧಿಯ ಹಾಗೆ ತಿಂದು ಮುಗಿಸುತ್ತಿದ್ದಳು. ಅದನ್ನು ನೋಡುವುದು ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ವರ್ಷ ಕಳೆದ ಮೇಲೆ ಅನಸುಬಾಯಿಯೇ ಮಾತು ತೆಗೆದಳು. ನಾನು ಅಲ್ಲೇ ಕೂತಿದ್ದೆ.

"ಯವ್ವಾ, ನೀ ಇನ್ನಾ ಸಣ್ಣಾಕಿ ಅದಿ. ಇನ್ನೊಂದು ಲಗ್ನ ಆಗು. ನಾ ಮುಂದ ನಿಂತು ಮಾಡ್ತೀನಿ."

ಲುಂಬಿನಿ ತಲೆ ಎತ್ತಲಿಲ್ಲ. "ಅವ್ರ ರೀಲ್ ಮ್ಯಾಲ ಹೋಗ್ಲಿ ಅತ್ತಿ. ಆಮ್ಯಾಲ ನೋಡಮಿ."

ಉಡಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ರಾಕೆಟ್ಟಿನ ಸರದಿ, ಹವಾಮಾನ, ಮತ್ತೇನೋ. ಕೊನೆಗೆ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಫೋನಿನ ಸುತ್ತ ಸೇರಿ ನೋಡಿದೆವು. ರಾಕೆಟ್ಟು ಏರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಲುಂಬಿನಿ ಕೈಯೆರಡನ್ನೂ ಸೀರೆಯ ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

ಉಪಗ್ರಹ ಮೊಟ್ಟೆಯಾಕಾರದ ದಾರಿಯಲ್ಲಿ ಸುತ್ತತೊಡಗಿತು. ಒಂದು ತುದಿಯಲ್ಲಿ ಭೂಮಿಗೆ ಹತ್ತಿರ ಬರುವುದು, ಇನ್ನೊಂದು ತುದಿಯಲ್ಲಿ ದೂರ ಹೋಗುವುದು. ಹತ್ತಿರ ಬಂದಾಗ ದಾರ ತೆಳುಗಾಳಿಯಲ್ಲಿ ಎಳೆದುಕೊಂಡು ಹೋಗಬೇಕು. ದಾರ ಬಿಡುವ ದಿನ ಅವಳು ರಜೆ ಹಾಕಿ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಳು. ಅತ್ತೆ ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ಕಂಡದ್ದು ಒಂದು ಗೆರೆ ಮಾತ್ರ, ದಾರದ ಬಿಗಿತ ತೋರಿಸುವ ಗೆರೆ. ಅದು ಸ್ವಲ್ಪ ಏರಿ, ಸಮನಾಗಿ ಸಾಗಿ, ಕೊನೆಗೆ ಬ್ರೇಕು ಹಿಡಿದಾಗ ಮೆತ್ತಗೆ ಒಂದು ದಿಬ್ಬವಾಗಿ ನಿಂತಿತು. ದಾರ ಹರಿಯಲಿಲ್ಲ. ಆ ಕಡೆಯಿಂದ ಹಸೀನಾಬೇಗಂ ಉರ್ದುವಿನಲ್ಲಿ ದೇವರಿಗೆ ಧನ್ಯವಾದ ಹೇಳುತ್ತಿರುವುದು ಕೇಳಿಸಿತು. ಅನಸುಬಾಯಿ ಆ ಗೆರೆಯನ್ನು ಬೆರಳಿಂದ ಮುಟ್ಟಿ, "ಇದಾ?" ಎಂದಳು. "ಇದ ಅತ್ತಿ" ಎಂದಳು ಲುಂಬಿನಿ.

ವಾರಗಟ್ಟಲೆ ಎಲ್ಲವೂ ಸರಿಯಾಗಿ ನಡೆಯಿತು. ಸುತ್ತಿನಿಂದ ಸುತ್ತಿಗೆ ಉಪಗ್ರಹ ದೂರ ಹೋಗುವ ತುದಿ ಇಳಿಯುತ್ತ ಬಂತು. ಇಂಧನ ಸುಡದೆ, ಬರಿಯ ದಾರ ಮತ್ತು ಗಾಳಿಯಿಂದ. ಲುಂಬಿನಿ ಮನೆಯಲ್ಲಿ ಸಣ್ಣಗೆ ಹಾಡಿಕೊಳ್ಳುತ್ತಿದ್ದಾಳೆ ಎಂದು ಅನಸುಬಾಯಿ ನನಗೆ ಗುಟ್ಟಾಗಿ ಹೇಳಿದಳು.

ಆಮೇಲೆ ತೂಗಾಟ ಶುರುವಾಯಿತು. ಪ್ರತಿ ಸಲ ಗಾಳಿಗೆ ತಗುಲಿದಾಗಲೂ ದಾರ ಹಿಂದಕ್ಕೆ ಹೋಗಿ ಮರಳುತ್ತಿತ್ತು, ಮರಳಿದ್ದು ಮುಂದಕ್ಕೆ ದಾಟುತ್ತಿತ್ತು. ಅದು ನಿರೀಕ್ಷಿತವೇ. ಆದರೆ ಲೆಕ್ಕಕ್ಕಿಂತ ಬೇಗ ಬೆಳೆಯತೊಡಗಿತು. ಸೂರ್ಯನ ಆರ್ಭಟದಿಂದ ಮೇಲಿನ ಗಾಳಿ ಆ ದಿನಗಳಲ್ಲಿ ಉಬ್ಬಿಕೊಂಡಿತ್ತು ಎಂದು ಅವಳು ವಿವರಿಸಿದಳು. ಒಂದು ಹದ ಮೀರಿದರೆ ದಾರ ಸಡಿಲಾಗಿ ಉಪಗ್ರಹಕ್ಕೇ ಸುತ್ತಿಕೊಳ್ಳುತ್ತದೆ.

ಶನಿವಾರ ಮಧ್ಯಾಹ್ನ ಎಲ್ಲರೂ ಆನ್‌ಲೈನಿನಲ್ಲಿ ಸೇರಿದರು. ದೂರದ ತುದಿ ಎಷ್ಟು ಇಳಿಯಬೇಕೆಂದು ಅಂದುಕೊಂಡಿದ್ದರೋ ಆ ಗುರಿ ಇನ್ನೂ ದೂರವಿತ್ತು. ಬಹಳ ಜನರಿಗೆ ಕಾಯುವ ಮನಸ್ಸು. ಇಷ್ಟು ವರ್ಷದ ಕೆಲಸ ಅರ್ಧಕ್ಕೆ ಕಡಿಯುವುದೇ? ಎಲ್ಲರ ಮಾತೂ ಮುಗಿದ ಮೇಲೆ ಹಸೀನಾಬೇಗಂ, "ಲುಂಬಿನಿ, ತೂಗಾಟ ನಿನ್ನ ವಿಷಯ. ನೀ ಏನಂತಿ, ನಾ ಹಂಗ ಮಾಡ್ತೀನಿ" ಎಂದರು.

ಅವಳು ಮುಂದಿನ ಸುತ್ತಿನವರೆಗೆ ಸಮಯ ಕೇಳಿಕೊಂಡು ಹಿತ್ತಲಿಗೆ ಹೋದಳು. ಅತ್ತೆ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಎದುರಿಗೆ ಕೂತು ನಡೆದದ್ದನ್ನು ಹೇಳಿದಳು.

"ಕಡದ್ರ ಏನಾಗ್ತದ?" ಅನಸುಬಾಯಿ ಕೇಳಿದಳು.

"ದಾರ ಗಾಳ್ಯಾಗ ಬಿದ್ದು ಸುಟ್ಟು ಹೋಗ್ತದ. ಅವ್ರು ಅನಕೊಂಡಿದ್ದು ಪೂರಾ ಆಗಂಗಿಲ್ಲ."

"ಕಡೀಲಿಲ್ಲಂದ್ರ?"

"ಪೂರಾ ಆದ್ರೂ ಆಗಬಹುದು. ಇಲ್ಲಂದ್ರ ಸುತ್ತಿಕೊಂಡು ಎಲ್ಲಾ ಹಾಳಾಗ್ತದ. ಅದ್ರಾಗ ಬ್ಯಾರೆ ಕಾಲೇಜಿನ ಹುಡುಗ್ರು ಮಾಡಿದ ಯಂತ್ರನೂ ಅವ ಅತ್ತಿ. ಅವ್ರದಿನ್ನಾ ಕೆಲಸ ಶುರು ಆಗ್ಯದ ಅಷ್ಟ."

ಅನಸುಬಾಯಿಯ ಕೈ ಮೊರದಲ್ಲಿ ನಿಂತಿತು. "ಅವ ಇದ್ದಿದ್ರ ಏನಂತಿದ್ದ?"

"ಜಗಳ ಮಾಡ್ತಿದ್ರು. ಇನ್ನೊಂದು ಸುತ್ತು ನೋಡಮಿ ಅಂತಿದ್ರು."

"ಹ್ಞೂಂ. ಅನ್ನಾಂವನ ಅವ." ಅನಸುಬಾಯಿ ಹೊಟ್ಟನ್ನು ಊದಿ ಆಚೆ ಚೆಲ್ಲಿದಳು. "ನನ್ನ ಮಗಂದು ಅಂತ ನೀ ತಡದು ನಿಂದ್ರಬ್ಯಾಡ. ಆ ಹುಡುಗ್ರುನೂ ಯಾರೋ ಹಡದೋರ ಮಕ್ಕಳು ಅದಾರ. ನಿನಗ ಖರೆ ಅನಿಸಿದ್ದು ಮಾಡು" ಎಂದಳು.

ಲುಂಬಿನಿ ಒಳಗೆ ಬಂದು, ಕಡಿಯಿರಿ ಎಂದಳು. ಉಪಗ್ರಹ ನೆಲಕೇಂದ್ರದ ಮೇಲೆ ಹಾಯುವಾಗ ಆದೇಶ ಹೋಯಿತು. ರೀಲಿನ ಬಾಯಲ್ಲಿದ್ದ ಕಾದ ತಂತಿ ದಾರವನ್ನು ಸುಟ್ಟು ತುಂಡು ಮಾಡಿತು. ಪರದೆಯ ಮೇಲಿನ ಗೆರೆ ಒಮ್ಮೆಲೇ ಸೊನ್ನೆಗಿಳಿಯಿತು. ಅವಳು ಎಲ್ಲರಿಗೂ ಧನ್ಯವಾದ ಹೇಳಿ, ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆಗೆ ಹೋಗಿ ಇದ್ದಬದ್ದ ಪಾತ್ರೆಗಳನ್ನೆಲ್ಲ ತೊಳೆದಳು. ದಾರ ಎಲ್ಲೋ ಸಮುದ್ರದ ಮೇಲೆ ಉರಿದುಹೋಯಿತು. ಅದನ್ನು ಕಂಡವರಿಲ್ಲ.

ಉಪಗ್ರಹ ಉಳಿಯಿತು, ಹುಡುಗರ ಯಂತ್ರಗಳು ಕೆಲಸ ಮಾಡಿದವು, ಎಲ್ಲರೂ ಅವಳನ್ನು ಮೆಚ್ಚಿದರು. ಆದರೆ ಅವಳಿಗೆ ನೆಮ್ಮದಿ ಬರಲಿಲ್ಲ. ಆಮೇಲೆ ಬಂದ ಗಾಳಿಯ ಅಳತೆಗಳನ್ನು ಹಾಕಿ ಅವಳು ಮತ್ತೆ ಮತ್ತೆ ಲೆಕ್ಕ ಮಾಡಿದಳು. ಕೆಲವು ಸಲ ದಾರ ಸುತ್ತಿಕೊಳ್ಳುತ್ತಿತ್ತು. ಕೆಲವು ಸಲ ತೂಗಾಟ ತಾನಾಗಿಯೇ ತಣಿದು, ದೇವಿಂದ್ರ ಬಯಸಿದ ಗುರಿ ಮುಟ್ಟುತ್ತಿತ್ತು. ಯಾವುದು ನಿಜವಾಗುತ್ತಿತ್ತೆಂದು ಇನ್ನು ಯಾರೂ ಹೇಳಲಾರರು. ಒಮ್ಮೆ ಮೆಟ್ಟಿಲಿಳಿಯುತ್ತ ಅವಳು ನನಗೆ, "ಅವ್ರು ಇದ್ದಿದ್ರ ಬೈತಿದ್ರು, ಆಮ್ಯಾಲ ಬಿಡ್ತಿದ್ರು. ಈಗ ಬಯ್ಯೋರೂ ಇಲ್ಲ, ಬಿಡೋರೂ ಇಲ್ಲ" ಎಂದಳು.

ಸಂಶೋಧನಾ ಲೇಖನ ಅಚ್ಚಾಗಿ ಬಂದಾಗ ಅತ್ತೆಗೆ ತೋರಿಸಿದಳು. ಅನಸುಬಾಯಿಗೆ ಓದು ಬರದು. ಆದರೂ ಮಗನ ಹೆಸರು ಯಾವುದೆಂದು ಕೇಳಿ ಅದರ ಮೇಲೆ ಕೈಯಾಡಿಸಿದಳು. ಬೇರೆ ಹೆಸರುಗಳಿಗಿಲ್ಲದ ಒಂದು ಸಣ್ಣ ಗುರುತು ಆ ಹೆಸರಿನ ತಲೆಯ ಮೇಲಿತ್ತು.

"ಇದೇನು?"

"ಇವ್ರು ಇಲ್ಲ ಅನ್ನೋ ಗುರುತು ಅತ್ತಿ."

ಅನಸುಬಾಯಿ ಅದರ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದ ಹೆಸರನ್ನು ನೋಡುತ್ತ ಕೂತಳು.

ಕಳೆದ ವರ್ಷ ದೇವಿಂದ್ರನ ರೀಲಿನ ಸಮೇತ ಉಪಗ್ರಹವೂ ಬಿತ್ತು. ಅದು ಬೀಳಲೇಬೇಕಿತ್ತು, ಹತ್ತಿರದ ತುದಿಯಲ್ಲಿ ಗಾಳಿ ಅದನ್ನೂ ಸ್ವಲ್ಪ ಸ್ವಲ್ಪವೇ ಉಜ್ಜುತ್ತಿತ್ತು. ಸುದ್ದಿ ಬಂದಾಗ ಲುಂಬಿನಿ ಪರೀಕ್ಷೆಯ ಕೋಣೆಯಲ್ಲಿದ್ದಳು. ಪತ್ರಿಕೆಗಳನ್ನೆಲ್ಲ ಎಣಿಸಿ ಒಪ್ಪಿಸಿ ಹೊರಬಂದಾಗ ಅವಳ ಮುಖ ನೋಡಿ ನಾನೂ ಜೊತೆಗೆ ಹೋದೆ. ಅನಸುಬಾಯಿ ಹೊಸ್ತಿಲ ಮೇಲೆ ಕೂತಿದ್ದಳು. ಲುಂಬಿನಿ ಹೇಳಿದಳು. ಯಾರಿಗೂ ಪೆಟ್ಟಾಗಲಿಲ್ಲವಷ್ಟೇ ಎಂದು ಅತ್ತೆ ಕೇಳಿದಳು. ಇಲ್ಲ, ನಡುಸಮುದ್ರ ಎಂದಳು ಸೊಸೆ. ಮೂವರೂ ಅಲ್ಲೇ ಕೂತೆವು. ಸಿಮೆಂಟ್ ಲಾರಿಗಳು ಒಂದರ ಹಿಂದೊಂದು ಹೋದವು. ಲುಂಬಿನಿಯ ಹೆಗಲು ಅಲುಗತೊಡಗಿತು. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ ಅವಳು ಅಳುತ್ತಿದ್ದಳು. ಅನಸುಬಾಯಿ ಅವಳನ್ನು ಸಮಾಧಾನ ಮಾಡಲಿಲ್ಲ. ಬೀದಿಯ ಕಡೆ ನೋಡುತ್ತ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಮಗನ ಬಾಲ್ಯದ ಮಾತು ತೆಗೆದಳು.

ಅವನು ಶಾಲೆಗೆ ಹೋಗುವ ಮೊದಲಿನ ಮಾತು. ವಾಡಿಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಗೆ ಆಟವಾಡುತ್ತ ಹತ್ತಿಬಿಟ್ಟಿದ್ದನಂತೆ. ಗಾಡಿ ಹೊರಟಿತು. ಇತ್ತ ವಾಡಿಯಲ್ಲಿ ಕೇರಿಯ ಮಂದಿಯೆಲ್ಲ ಬಾವಿ, ಹಳಿ ಎಂದು ಹುಡುಕಾಡಿದರು. ಗಾರ್ಡ್ ಅವನನ್ನು ಚಿತ್ತಾಪುರದಲ್ಲಿ ಇಳಿಸಿ, ವಾಡಿಗೆ ಮರಳುವ ಗಾಡಿಯವರ ಕೈಗೆ ಕೊಟ್ಟು ಕಳಿಸಿದರು.

"ಹೊತ್ತು ಮುಳುಗೋದ್ರಾಗ ತಂದು ಕೊಟ್ರು" ಎಂದಳು ಅನಸುಬಾಯಿ. "ಅವ ಅಳಲೇ ಇಲ್ಲ, ಕೈಯಾಗ ಅರ್ಧ ಪೇರಲಕಾಯಿ ಹಿಡಕೊಂಡಿದ್ದ. ನಾ ಹೊಡೀಬೇಕಂತ ಕೈ ಎತ್ತಿದೆ, ಹೊಡೀಲಿಕ್ಕ ಆಗಲಿಲ್ಲ. ಎದಿಗಿ ಹಚಗೊಂಡು ಅಲ್ಲೇ ಪ್ಲಾಟ್‌ಫಾರಂ ಮ್ಯಾಲ ಕುಂತುಬಿಟ್ಟೆ. ಯಾರ್ಯಾರೋ ನನಗ ನೀರು ಕುಡಿಸಿದ್ರು."